ಹಡಗು ಬಂದಿದ್ದು ಮೂರು ತಿಂಗಳಲ್ಲಿ, ತುಕ್ಕು ನಿಂತಿದ್ದು 35 ವರ್ಷಕ್ಕೆ

ಇವತ್ತಿನ ಮಾತು ಹಳೆಯ ಹಡಗುಗಳ ಬಗ್ಗೆ. ಅದರಲ್ಲೂ ಜನರನ್ನು ಹೊತ್ತು ಸಾಗರ ದಾಟಿಸುತ್ತಿದ್ದ ಉಗಿ ಹಡಗುಗಳ ಬಗ್ಗೆ. ನಮ್ಮ ಕರಾವಳಿಯ ಹಳಬರು ‘ಆಗಬೋಟು’ ಅಂತಿದ್ದರಲ್ಲ, ಅವೇ.

ಮೊದಲು ಒಂದು ಸುದ್ದಿಯಿಂದ ಶುರು ಮಾಡ್ತೀನಿ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ಬಂದರಿನಿಂದ ಒಂದು ದೈತ್ಯ ಹಡಗನ್ನು ಟಗ್ ಬೋಟುಗಳು ಎಳೆದುಕೊಂಡು ಹೊರಟವು. ಹೆಸರು ‘ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್’. ಉದ್ದ 990 ಅಡಿ. 1952ರಲ್ಲಿ ತನ್ನ ಮೊದಲ ಪಯಣದಲ್ಲೇ ಅಟ್ಲಾಂಟಿಕ್ ಸಾಗರವನ್ನು 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿ ದಾಖಲೆ ಮಾಡಿದ ಹಡಗು ಇದು. ಆಮೇಲೆ ಜೆಟ್ ವಿಮಾನಗಳು ಬಂದವು, ಜನ ಹಡಗು ಬಿಟ್ಟರು. 1969ರಲ್ಲಿ ಓಡಾಟ ನಿಂತಿತು. 1996ರಿಂದ ಫಿಲಡೆಲ್ಫಿಯಾದ ದಕ್ಕೆಯಲ್ಲಿ ಸುಮ್ಮನೆ ನಿಂತಿತ್ತು. ಅದನ್ನು ಉಳಿಸಬೇಕು, ಮ್ಯೂಸಿಯಂ ಮಾಡಬೇಕು ಅಂತ ಒಂದು ಸಂಸ್ಥೆ ವರ್ಷಗಟ್ಟಲೆ ಹೋರಾಡಿತು. ಕೊನೆಗೆ ನಿಲ್ಲೋಕೆ ಜಾಗ ಕೊಟ್ಟವರ ಜತೆ ಬಾಡಿಗೆ ಜಗಳ ಬಂತು. ವಿಷಯ ಕೋರ್ಟಿಗೆ ಹೋಯಿತು. ಜಾಗ ಖಾಲಿ ಮಾಡಿ ಅಂತ ಆದೇಶ ಆಯಿತು. ಫ್ಲಾರಿಡಾದ ಒಂದು ಕೌಂಟಿ ಅದನ್ನು ಕೊಂಡುಕೊಂಡಿತು. ಯಾಕೆ ಗೊತ್ತಾ? ಸಮುದ್ರದಲ್ಲಿ ಮುಳುಗಿಸಿ, ಮೀನುಗಳಿಗೆ ಆಸರೆಯಾಗುವ ಕೃತಕ ದಿಬ್ಬ ಮಾಡೋದಕ್ಕೆ.

ಇಷ್ಟು ದೊಡ್ಡ ಹಡಗು, ಇಷ್ಟು ದೊಡ್ಡ ಹೆಸರು, ಅಷ್ಟು ಶ್ರೀಮಂತ ದೇಶ. ಆದರೂ ಉಳಿಸಿಕೊಳ್ಳೋಕೆ ಆಗಲಿಲ್ಲ. ಇನ್ನೊಂದು ಕಡೆ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ, ಇದಕ್ಕಿಂತ ನೂರು ವರ್ಷಕ್ಕೂ ಹಳೆಯದಾದ, ತುಕ್ಕು ಹಿಡಿದು, ಬಿರುಕು ಬಿಟ್ಟು, ಭೂಮಿಯ ಇನ್ನೊಂದು ತುದಿಯಲ್ಲಿ ಅನಾಥವಾಗಿ ಬಿದ್ದಿದ್ದ ಒಂದು ಹಡಗು ಇವತ್ತು ಚೆನ್ನಾಗಿ ನಿಂತಿದೆ. ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಬಹುದು. ಅದರ ಹೆಸರು ‘ಎಸ್‌ಎಸ್ ಗ್ರೇಟ್ ಬ್ರಿಟನ್’. ಒಂದು ಮುಳುಗೋದಕ್ಕೆ ಹೊರಟಿತು, ಇನ್ನೊಂದು ಉಳಿಯಿತು. ಯಾಕೆ? ಇವತ್ತು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಗ್ರೇಟ್ ಬ್ರಿಟನ್ ಹಡಗಿನ ವಿನ್ಯಾಸ ಮಾಡಿದವರು ಇಸಂಬಾರ್ಡ್ ಕಿಂಗ್‌ಡಮ್ ಬ್ರುನೆಲ್. ರೈಲು ದಾರಿ, ಸುರಂಗ, ಸೇತುವೆ, ಹಡಗು – ಎಲ್ಲಕ್ಕೂ ಕೈ ಹಾಕಿದ ಎಂಜಿನಿಯರ್. 1839ರಲ್ಲಿ ಬ್ರಿಸ್ಟಲ್‌ನ ಒಂದು ಡ್ರೈ ಡಾಕ್‌ನಲ್ಲಿ ಕೆಲಸ ಶುರುವಾಯಿತು. ಡ್ರೈ ಡಾಕ್ ಅಂದ್ರೆ ನೀರು ತುಂಬಿಸಿ ಬರಿದು ಮಾಡಬಹುದಾದ ದೊಡ್ಡ ಕಲ್ಲಿನ ತೊಟ್ಟಿ ಅಂದ್ಕೊಳ್ಳಿ, ನಮ್ಮ ಕಲ್ಯಾಣಿ ಇದ್ದ ಹಾಗೆ, ಒಂದು ಬದಿಯಲ್ಲಿ ಗೇಟು. ಆ ಕಾಲದಲ್ಲಿ ಹಡಗು ಅಂದ್ರೆ ಮರದ್ದು. ಬ್ರುನೆಲ್ ಇಡೀ ಒಡಲನ್ನೇ ಕಬ್ಬಿಣದಲ್ಲಿ ಕಟ್ಟಿದರು. ಉಗಿ ಹಡಗು ಅಂದ್ರೆ ಎರಡೂ ಬದಿಗೆ ದೊಡ್ಡ ಚಕ್ರ ಇರಬೇಕು ಅನ್ನೋ ಕಾಲ ಅದು. ಇದಕ್ಕೂ ಮೊದಲು ಚಕ್ರವೇ ಹಾಕಬೇಕು ಅಂತಿತ್ತು. 1840ರಲ್ಲಿ ‘ಆರ್ಕಿಮಿಡೀಸ್’ ಅನ್ನೋ ಹಡಗಿನ ಹೊಸ ಪ್ರೊಪೆಲರ್ ನೋಡಿದ ಮೇಲೆ ಕೆಲಸ ಅರ್ಧದಲ್ಲಿದ್ದಾಗಲೇ ಯೋಜನೆ ಬದಲಾಯಿಸಿದರು. ನೀರಿನೊಳಗೆ ಮುಳುಗಿ ತಿರುಗುವ, ಆರು ರೆಕ್ಕೆಯ ಪ್ರೊಪೆಲರ್ ಬಂತು.

1843ರ ಜುಲೈ 19ರಂದು ರಾಣಿ ವಿಕ್ಟೋರಿಯಾಳ ಗಂಡ ಪ್ರಿನ್ಸ್ ಆಲ್ಬರ್ಟ್ ಅದನ್ನು ನೀರಿಗಿಳಿಸಿದರು. ಉದ್ದ 322 ಅಡಿ. ಆಗ ಜಗತ್ತಿನಲ್ಲೇ ಅತಿ ದೊಡ್ಡ ಹಡಗು. ಎಷ್ಟು ದೊಡ್ಡದು ಅಂದ್ರೆ ಬ್ರಿಸ್ಟಲ್ ಬಂದರಿನ ಬಾಗಿಲಿನಲ್ಲಿ ಹಿಡಿಸಲಿಲ್ಲ! ಕಲ್ಲುಕಟ್ಟಡ ಒಂದಿಷ್ಟು ಬಿಚ್ಚಿ, ದಾರಿ ಅಗಲ ಮಾಡಿ ಹೊರಗೆ ಕಳಿಸುವಷ್ಟರಲ್ಲಿ 1844ರ ಡಿಸೆಂಬರ್ ಬಂದಿತ್ತು. 1845ರಲ್ಲಿ ಲಿವರ್‌ಪೂಲ್‌ನಿಂದ ಹೊರಟು 15 ದಿನದ ಒಳಗೆ ನ್ಯೂಯಾರ್ಕ್ ತಲುಪಿತು. ಕಬ್ಬಿಣದ ಒಡಲು, ಪ್ರೊಪೆಲರ್ ಎರಡೂ ಇದ್ದು ಅಟ್ಲಾಂಟಿಕ್ ದಾಟಿದ ಮೊದಲ ಹಡಗು ಅದು. ಇವತ್ತು ಸಮುದ್ರದಲ್ಲಿ ಓಡಾಡುವ ದೊಡ್ಡ ಹಡಗುಗಳಿಗೆಲ್ಲ ಇದು ಮುತ್ತಜ್ಜಿ ಅಂತಲೇ ಹೇಳಬಹುದು.

ಮರುವರ್ಷವೇ, 1846ರ ಸೆಪ್ಟೆಂಬರ್‌ನಲ್ಲಿ, ಐರ್ಲೆಂಡಿನ ಡಂಡ್ರಮ್ ಕೊಲ್ಲಿಯ ಮರಳಿಗೆ ಹೋಗಿ ಕೂತುಬಿಟ್ಟಿತು. ಸುಮಾರು 11 ತಿಂಗಳು ಅಲ್ಲೇ. ಮರದ ಹಡಗಾಗಿದ್ದರೆ ಒಂದು ಚಳಿಗಾಲದ ಅಲೆಗಳ ಹೊಡೆತಕ್ಕೆ ಚೂರಾಗಿ ಹೋಗ್ತಿತ್ತು. ಕಬ್ಬಿಣ ತಡೆದುಕೊಂಡಿತು. ಆದರೆ ಕಂಪನಿ ತಡೆದುಕೊಳ್ಳಲಿಲ್ಲ. ಎತ್ತಿ ತೇಲಿಸುವ ಖರ್ಚಿನಲ್ಲೇ ದಿವಾಳಿಯಾಯಿತು. ಹಡಗು ಬೇರೆಯವರ ಪಾಲಾಯಿತು.

1852ರಿಂದ ಅದರ ಎರಡನೇ ಜನ್ಮ ಅನ್ನಬಹುದು. ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿದೆ ಅನ್ನೋ ಸುದ್ದಿ ಹಬ್ಬಿತ್ತು. ಇಂಗ್ಲೆಂಡಿನ ಬಡವರು, ಆಸೆಗಾರರು, ಹೊಸ ಬದುಕು ಹುಡುಕುವವರು ಮೆಲ್ಬರ್ನ್ ಕಡೆ ಹೊರಟಿದ್ದರು. ಎರಡು ತಿಂಗಳ ಪಯಣ. 1870ರ ದಶಕದ ಮಧ್ಯದವರೆಗೆ ಸಾವಿರಾರು ಜನರನ್ನು ಈ ಹಡಗು ಆಸ್ಟ್ರೇಲಿಯಾ ಮುಟ್ಟಿಸಿತು. ಕ್ರಿಕೆಟ್ ಪ್ರಿಯರಿಗೆ ಒಂದು ವಿಷಯ: ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋದ ಮೊದಲ ಇಂಗ್ಲಿಷ್ ಕ್ರಿಕೆಟ್ ತಂಡ, ಎಚ್.ಎಚ್. ಸ್ಟೀಫನ್‌ಸನ್ ನಾಯಕತ್ವದ ತಂಡ, 1861ರಲ್ಲಿ ಹೋಗಿದ್ದು ಇದೇ ಹಡಗಿನಲ್ಲಿ. ಕ್ರಿಸ್‌ಮಸ್ ಹಿಂದಿನ ದಿನ ಮೆಲ್ಬರ್ನ್‌ನಲ್ಲಿ ಇಳಿದರು.

ನಮಗೂ ಈ ಹಡಗಿಗೂ ಒಂದು ನಂಟಿದೆ, ಅದು ಅಷ್ಟು ಸಿಹಿಯಾದದ್ದಲ್ಲ. 1857ರಲ್ಲಿ ಇಲ್ಲಿ ದಂಗೆ ಎದ್ದಾಗ ಅದನ್ನು ಅಡಗಿಸಲು ಬ್ರಿಟಿಷ್ ಸೈನಿಕರನ್ನು ತುಂಬಿಕೊಂಡು ಬಾಂಬೆಗೆ ಬಂದ ಹಡಗುಗಳಲ್ಲಿ ಇದೂ ಒಂದು. ಹೀಗಾಗಿ ಬ್ರಿಸ್ಟಲ್‌ನವರು ಹೆಮ್ಮೆಯಿಂದ ನೋಡುವ ಹಡಗನ್ನು ನಾವು ಅದೇ ಕಣ್ಣಿನಿಂದ ನೋಡೋಕೆ ಆಗಲ್ಲ. ನನ್ನ ಪ್ರಕಾರ ಉಳಿಸೋದಕ್ಕೆ ಇದೂ ಒಂದು ಕಾರಣ. ವಸ್ತು ಕಣ್ಣ ಮುಂದೆ ಇದ್ದರೆ ಅದರ ಮೇಲೆ ನಾವೂ ಪ್ರಶ್ನೆ ಕೇಳಬಹುದು. ಕರಗಿಸಿ ಮಾರಿಬಿಟ್ಟರೆ ಹೊಗಳಿಕೆಯ ಕಥೆ ಮಾತ್ರ ಉಳಿಯುತ್ತೆ.

ಸರಿ, ಮುಂದೆ ಬರೋಣ. ಹಡಗಿಗೆ ವಯಸ್ಸಾಯಿತು. 1880ರ ದಶಕದಲ್ಲಿ ಎಂಜಿನ್ ತೆಗೆದು, ಬರೀ ಹಾಯಿ ಕಟ್ಟಿ, ಕಲ್ಲಿದ್ದಲು ಸಾಗಿಸೋಕೆ ಬಿಟ್ಟರು. 1886ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಹತ್ತಿರ ಬಿರುಗಾಳಿಗೆ ಸಿಕ್ಕಿ ಜಖಂ ಆಯಿತು. ಹೇಗೋ ಫಾಕ್‌ಲ್ಯಾಂಡ್ ದ್ವೀಪಗಳ ಪೋರ್ಟ್ ಸ್ಟ್ಯಾನ್ಲಿ ಸೇರಿಕೊಂಡಿತು. ರಿಪೇರಿಗಿಂತ ಹಡಗಿನ ಬೆಲೆಯೇ ಕಡಿಮೆ. ಹಾಗಾಗಿ ಅಲ್ಲೇ ಕಲ್ಲಿದ್ದಲು, ಉಣ್ಣೆ ತುಂಬಿಡುವ ತೇಲುವ ಉಗ್ರಾಣ ಆಯಿತು. ಒಂದು ಕಾಲದಲ್ಲಿ ಪಿಂಗಾಣಿ ತಟ್ಟೆ, ಗಾಜಿನ ದೀಪ ಇದ್ದ ಊಟದ ಹಾಲ್ ಇದ್ದ ಹಡಗು! 1937ರಲ್ಲಿ ಅದಕ್ಕೂ ಬೇಡವಾಯಿತು. ಊರಾಚೆಯ ಸ್ಪ್ಯಾರೋ ಕೋವ್ ಅನ್ನೋ ಕಡೆ ಎಳೆದುಕೊಂಡು ಹೋಗಿ, ತಳಕ್ಕೆ ತೂತು ಕೊರೆದು, ಆಳವಿಲ್ಲದ ನೀರಿನಲ್ಲಿ ಕೂರಿಸಿ ಬಂದರು. ಮೂವತ್ತು ವರ್ಷ ಹಾಗೇ ಬಿದ್ದಿತ್ತು.

1967ರಲ್ಲಿ ಇವಾನ್ ಕಾರ್ಲೆಟ್ ಅನ್ನೋ ಹಡಗು ವಿನ್ಯಾಸಕರು ‘ದಿ ಟೈಮ್ಸ್’ ಪತ್ರಿಕೆಗೆ ಒಂದು ಪತ್ರ ಬರೆದರು. ವಾಚಕರ ವಾಣಿಗೆ ಬರೀತೀವಲ್ಲ, ಅಂಥದ್ದೇ ಒಂದು ಪತ್ರ. ಇಂಥ ಮಹತ್ವದ ಹಡಗು ಹೀಗೆ ಬಿದ್ದಿದೆ, ಏನಾದರೂ ಮಾಡಬೇಕು ಅಂತ. ಪತ್ರ ಬರೆದು ಸುಮ್ಮನಾಗಲಿಲ್ಲ. ತಾವೇ ಫಾಕ್‌ಲ್ಯಾಂಡ್‌ಗೆ ಹೋಗಿ ಹಡಗನ್ನು ಪರೀಕ್ಷೆ ಮಾಡಿ, ಎತ್ತೋಕೆ ಸಾಧ್ಯ ಅಂದರು. ಜ್ಯಾಕ್ ಹೇವರ್ಡ್ ಅನ್ನೋ ಶ್ರೀಮಂತರು ಹಣ ಕೊಡಲು ಮುಂದೆ ಬಂದರು.

1970ರ ವಸಂತದಲ್ಲಿ ಕೆಲಸ ಶುರು. ಹಡಗಿನ ಬಲಬದಿಯಲ್ಲಿ ಮೇಲಿಂದ ಕೆಳಕ್ಕೆ ದೊಡ್ಡ ಬಿರುಕು. ಅದನ್ನು ಮುಚ್ಚೋಕೆ ಏನು ಮಾಡಿದರು ಅಂತೀರಿ? ಊರಿನವರಿಂದ ಹಳೇ ಹಾಸಿಗೆ ತರಿಸಿಕೊಂಡು ತುರುಕಿದರು! ತೂತುಗಳಿಗೆ ತೇಪೆ ಹಾಕಿ, ನೀರು ಪಂಪ್ ಮಾಡಿ ಹಡಗನ್ನು ತೇಲಿಸಿದರು. ನೀರಿನಲ್ಲಿ ಮುಳುಗಬಲ್ಲ ಒಂದು ಚಪ್ಪಟೆ ಬಾರ್ಜ್ ಅನ್ನು ಅದರ ಕೆಳಗೆ ತಂದು, ಬಾರ್ಜ್‌ನಿಂದ ನೀರು ಹೊರಹಾಕಿದಾಗ ಅದು ಹಡಗನ್ನು ಬೆನ್ನ ಮೇಲೆ ಹೊತ್ತುಕೊಂಡು ಮೇಲೆದ್ದಿತು. ಬಾರ್ಜ್ ಸಮೇತ ಒಂದು ಟಗ್ ಬೋಟ್ ಅಷ್ಟನ್ನೂ ಎಳೆದುಕೊಂಡು ಇಡೀ ಅಟ್ಲಾಂಟಿಕ್ ದಾಟಿತು. ಜೂನ್‌ನಲ್ಲಿ ಇಂಗ್ಲೆಂಡ್ ಮುಟ್ಟಿತು. ಕೊನೆಯ ಕೆಲವು ಮೈಲಿ ಏವನ್ ನದಿಯಲ್ಲಿ ಹಡಗು ತನ್ನ ಒಡಲ ಮೇಲೆಯೇ ತೇಲಿಕೊಂಡು ಬಂತು. ಬ್ರುನೆಲ್ ಅವರೇ ವಿನ್ಯಾಸ ಮಾಡಿದ ಕ್ಲಿಫ್ಟನ್ ತೂಗುಸೇತುವೆಯ ಕೆಳಗೆ ಅದು ಹಾದು ಬರುವಾಗ ದಡದಲ್ಲಿ ಜನವೋ ಜನ. ಜುಲೈ 19ರಂದು, ಅಂದ್ರೆ ನೀರಿಗಿಳಿದ ಅದೇ ತಾರೀಕು, 127 ವರ್ಷ ಆದ ಮೇಲೆ, ತಾನು ಹುಟ್ಟಿದ ಅದೇ ಡ್ರೈ ಡಾಕ್‌ನೊಳಗೆ ಬಂದು ನಿಂತಿತು.

ಸಿನಿಮಾ ಆಗಿದ್ದರೆ ಇಲ್ಲಿಗೆ ‘ಶುಭಂ’ ಅಂತ ಬೋರ್ಡ್ ಬರ್ತಿತ್ತು. ನನಗೆ ಕುತೂಹಲ ಹುಟ್ಟಿಸಿದ್ದು ಇದರ ನಂತರದ ಭಾಗ.

ನಮ್ಮೂರ ದೇವಸ್ಥಾನಗಳ ಜೀರ್ಣೋದ್ಧಾರ ನೆನಪು ಮಾಡಿಕೊಳ್ಳಿ. ಬ್ರಹ್ಮಕಲಶೋತ್ಸವಕ್ಕೆ ಸಾವಿರಾರು ಜನ, ಚಪ್ಪರ, ಊಟ, ಪೇಪರಿನಲ್ಲಿ ಫೋಟೊ. ಮಾರನೇ ದಿನದಿಂದ ದೀಪದ ಎಣ್ಣೆ ಯಾರದ್ದು, ಸೋರುವ ಮಾಡು ನೋಡೋರು ಯಾರು? ಹಡಗಿನದ್ದೂ ಅದೇ ಪಾಡು. ಬ್ರಿಸ್ಟಲ್‌ನಲ್ಲಿ ಮೊದಲ ದಶಕಗಳಲ್ಲಿ ತುಕ್ಕು ತೊಳೆದರು, ಬಣ್ಣ ಹಚ್ಚಿದರು, ಒಳಗಿನ ಕೋಣೆಗಳನ್ನು ಮತ್ತೆ ಕಟ್ಟಿದರು. ಜನ ಬರ್ತಿದ್ದರು. ಆದರೆ 1998ರಲ್ಲಿ ತಜ್ಞರು ಕೂಲಂಕಷ ತಪಾಸಣೆ ಮಾಡಿ ಹೇಳಿದ ಮಾತು ಗಾಬರಿ ಹುಟ್ಟಿಸುವಂಥದ್ದು. ಹೀಗೇ ಬಿಟ್ಟರೆ ಈ ಹಡಗಿಗೆ ಇನ್ನು ಸುಮಾರು 25 ವರ್ಷ ಆಯಸ್ಸು ಅಂತ. ಮೇಲೆ ಬಣ್ಣ, ಒಳಗೆ ಕಬ್ಬಿಣ ಪುಡಿಪುಡಿ.

ಯಾಕೆ ಹೀಗಾಯಿತು? ಸಮುದ್ರದಿಂದ ಹೊರಗೆ ತಂದಿದ್ದಾಗಿತ್ತಲ್ಲ? ಇಲ್ಲೇ ಇರೋದು ವಿಷಯ. ನೂರಕ್ಕೂ ಹೆಚ್ಚು ವರ್ಷ ಉಪ್ಪುನೀರಿನಲ್ಲಿದ್ದ ಕಬ್ಬಿಣದ ತುಕ್ಕಿನೊಳಗೆ ಉಪ್ಪಿನ ಕ್ಲೋರೈಡ್ ಸೇರಿಕೊಂಡಿರುತ್ತೆ. ಮೇಲಿಂದ ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ. ಅದಕ್ಕೆ ಗಾಳಿಯ ತೇವಾಂಶ ಸೋಕಿದರೆ ಸಾಕು, ಮತ್ತೆ ತುಕ್ಕು ಶುರು. ಡ್ರೈ ಡಾಕ್ ಅಂತ ಹೆಸರು ಇದ್ದರೂ ಅದು ಒಣಗಿರೋದಿಲ್ಲ. ಪಕ್ಕದ ಬಂದರಿನ ನೀರಿನ ಮಟ್ಟಕ್ಕಿಂತ ಕೆಳಗಿರುವ ಹಳೇ ಕಲ್ಲಿನ ಗುಂಡಿ, ಗೋಡೆಗಳಲ್ಲಿ ನೀರು ಜಿನುಗುತ್ತೆ. ಮಳೆಗಾಲದಲ್ಲಿ ಮಂಗಳೂರು ಕಡೆ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಬರುತ್ತಲ್ಲ, ಆ ಥರದ ಜಾಗದಲ್ಲಿ ಉಪ್ಪು ಕುಡಿದ ಕಬ್ಬಿಣ ನಿಂತಿತ್ತು.

ಈಗ ಅವರ ಮುಂದೆ ದಾರಿಗಳೇನಿದ್ದವು? ತುಕ್ಕು ಹಿಡಿದ ತಗಡುಗಳನ್ನು ಕತ್ತರಿಸಿ ತೆಗೆದು ಹೊಸ ಉಕ್ಕಿನ ತಗಡು ಹಾಕಬಹುದಿತ್ತು. ನೋಡೋಕೆ ಚೆಂದ, ಗಟ್ಟಿ. ಆದರೆ ಆಮೇಲೆ ಅಲ್ಲಿ ನಿಲ್ಲೋದು ಬ್ರುನೆಲ್ ಕಾಲದ ಹಡಗಲ್ಲ, ಅದರ ಪ್ರತಿಕೃತಿ. ಹಳೇ ಗುಡಿಯ ಕಲ್ಲಿನ ನೆಲದ ಮೇಲೆ ಹೊಳೆಯೋ ಗ್ರಾನೈಟ್ ಹಾಸಿ, ಕಂಬಗಳಿಗೆ ಆಯಿಲ್ ಪೇಂಟ್ ಬಳಿದು ‘ಅಭಿವೃದ್ಧಿ’ ಅಂತ ಬೋರ್ಡ್ ಹಾಕಿದ್ದನ್ನು ನಾವು ಎಷ್ಟು ಕಡೆ ನೋಡಿಲ್ಲ? ಅದೇ ಆಗ್ತಿತ್ತು.

ಅವರು ಬೇರೆ ದಾರಿ ಹಿಡಿದರು. ಹಡಗನ್ನು ಬದಲಾಯಿಸೋ ಬದಲು ಅದರ ಸುತ್ತಲಿನ ಗಾಳಿಯನ್ನು ಬದಲಾಯಿಸಿದರು. ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಥರದ ಉಪ್ಪು ಸೇರಿದ ಕಬ್ಬಿಣದ ಮೇಲೆ ಪ್ರಯೋಗ ಮಾಡಿ ನೋಡಿದರು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 20ರ ಹತ್ತಿರ ಇಳಿದರೆ ತುಕ್ಕು ಹಿಡಿಯೋದು ಹೆಚ್ಚೂಕಡಿಮೆ ನಿಂತೇಹೋಗುತ್ತೆ ಅಂತ ಗೊತ್ತಾಯಿತು. ಶೇ 20 ಅಂದ್ರೆ ಮರುಭೂಮಿಯ ಗಾಳಿ. ಸದಾ ಮಳೆ ಹನಿಯುವ ಬ್ರಿಸ್ಟಲ್‌ನಲ್ಲಿ ಮರುಭೂಮಿ ತರೋದು ಹೇಗೆ?

ಹಡಗಿನ ಸುತ್ತ, ನೀರಿನ ಗೆರೆ ಎಲ್ಲಿ ಇರ್ತಿತ್ತೋ ಅದೇ ಎತ್ತರಕ್ಕೆ, ಡಾಕ್‌ನ ಅಂಚಿನಿಂದ ಒಡಲಿನವರೆಗೆ ಗಾಜಿನ ಹಾಸು ಹಾಕಿದರು. ಕೆಳಗಿನ ಭಾಗ ಮುಚ್ಚಿದ ಕೋಣೆಯಂತಾಯಿತು. ಅಲ್ಲಿಗೆ ದೊಡ್ಡ ಯಂತ್ರಗಳು ತೇವ ತೆಗೆದ ಒಣ ಗಾಳಿಯನ್ನು ಹಗಲೂ ರಾತ್ರಿ ಊದುತ್ತವೆ. ಗಾಜಿನ ಮೇಲೆ ತೆಳುವಾಗಿ ನೀರು ಹರಿಯುತ್ತೆ. ಮೇಲೆ ನಿಂತವರಿಗೆ ಹಡಗು ಸಮುದ್ರದಲ್ಲಿ ತೇಲುತ್ತಿರುವ ಹಾಗೆ ಕಾಣುತ್ತೆ. ಮೆಟ್ಟಿಲಿಳಿದು ಕೆಳಗೆ ಹೋದರೆ, ತಲೆ ಮೇಲೆ ನೀರಿನ ಬೆಳಕು, ಪಕ್ಕದಲ್ಲಿ ತೂತು ಬಿದ್ದ, ತೇಪೆ ಹಾಕಿದ, ಕೆಂಪು-ಕಪ್ಪು ಕಬ್ಬಿಣದ ಗೋಡೆ. ನಾನು ಅಲ್ಲಿ ನಿಂತಾಗ ಐದೇ ನಿಮಿಷದಲ್ಲಿ ತುಟಿ ಒಣಗಿತ್ತು. ರಿವೆಟ್ ಸಾಲುಗಳು, ಫಾಕ್‌ಲ್ಯಾಂಡ್‌ನ ಬಿರುಕು, ಎಲ್ಲವೂ ಹಾಗೇ ಇವೆ. ಮುಚ್ಚಿಟ್ಟಿಲ್ಲ. ಈ ವ್ಯವಸ್ಥೆ 2005ರಲ್ಲಿ ಶುರುವಾಯಿತು. ಯೋಜನೆಗೆ ಒಂದು ಕೋಟಿ ಪೌಂಡಿಗೂ ಹೆಚ್ಚು ಖರ್ಚಾಯಿತು. ಮರುವರ್ಷ ಬ್ರಿಟನ್ನಿನ ಮ್ಯೂಸಿಯಂಗಳಿಗೆ ಕೊಡುವ ಪ್ರತಿಷ್ಠಿತ ಗುಲ್ಬೆಂಕಿಯನ್ ಪ್ರಶಸ್ತಿಯೂ ಬಂತು. ನೋಡಿ, ಹಡಗು ತಂದಿದ್ದು ಮೂರೇ ತಿಂಗಳಲ್ಲಿ. ಅದರ ತುಕ್ಕು ನಿಲ್ಲಿಸೋಕೆ ಹಿಡಿದಿದ್ದು 35 ವರ್ಷ.

ಮೇಲಿನ ಕೋಣೆಗಳಲ್ಲಿ ಇನ್ನೊಂದು ಲೋಕ. ಅಲ್ಲಿ ಎಂಜಿನ್ ಪ್ರತಿಕೃತಿ, ಪೀಠೋಪಕರಣ ಹೊಸದು. ಅದನ್ನು ಅವರು ಮರೆಮಾಚಲ್ಲ. ಮೂರನೇ ದರ್ಜೆಯ ಇಕ್ಕಟ್ಟಾದ ಹಾಸಿಗೆಗಳು, ಅಡುಗೆಮನೆ, ಎಲ್ಲ ಕಡೆ ವಾಸನೆ ಕೂಡ ಇದೆ! ಬ್ರೆಡ್ಡಿನ ಪರಿಮಳ ಒಂದು ಕಡೆ, ಸಮುದ್ರ ಕಾಯಿಲೆಯಿಂದ ವಾಂತಿ ಮಾಡಿಕೊಂಡ ವಾಸನೆ ಇನ್ನೊಂದು ಕಡೆ. ಪ್ರಯಾಣಿಕರು ಬರೆದಿಟ್ಟ ದಿನಚರಿಗಳಿಂದ ಆ ಬದುಕನ್ನು ಕಟ್ಟಿದ್ದಾರೆ. ಹಡಗಿನಲ್ಲಿ ಹೋದವರ ಹೆಸರು ಹುಡುಕುವ ವ್ಯವಸ್ಥೆಯೂ ಇದೆ. ಆಸ್ಟ್ರೇಲಿಯಾದಿಂದ ಬಂದವರು ತಮ್ಮ ಮುತ್ತಜ್ಜ ಯಾವ ವರ್ಷ ಹೊರಟ ಅಂತ ನೋಡಿಕೊಳ್ಳಬಹುದು. ಹಡಗು ಬರೀ ಎಂಜಿನಿಯರ್‌ನದ್ದಲ್ಲ, ಹತ್ತಿದವರದ್ದೂ ಹೌದು ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಇದೇ ಪಾಠವನ್ನು ಬೇರೆ ಥರ ಕಲಿತವರೂ ಇದ್ದಾರೆ. ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ‘ಟೈಕಾಂಡರೋಗ’ ಅಂತ ಒಂದು ಉಗಿ ಹಡಗಿದೆ. 1906ರದ್ದು, 220 ಅಡಿ ಉದ್ದ, ಬದಿಗಳಲ್ಲಿ ಚಕ್ರ ಇರುವಂಥದ್ದು. ಚಾಂಪ್ಲೈನ್ ಸರೋವರದಲ್ಲಿ ಜನರನ್ನು ಸಾಗಿಸುತ್ತಿತ್ತು. ಅದನ್ನು ಉಳಿಸಲು ಶೆಲ್ಬರ್ನ್ ಮ್ಯೂಸಿಯಂನವರು ಏನು ಮಾಡಿದರು ಅಂದ್ರೆ, 1954-55ರ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿದ್ದಾಗ, ಹೊಲಗಳ ಮೇಲೆ ತಾತ್ಕಾಲಿಕ ಹಳಿ ಹಾಕಿ, ಹಡಗನ್ನು ಎರಡು ಮೈಲಿ ಒಳನಾಡಿಗೆ ಎಳೆದು ತಂದು ಹುಲ್ಲುಹಾಸಿನ ಮೇಲೆ ನಿಲ್ಲಿಸಿದರು! ಇವತ್ತೂ ಅಲ್ಲೇ ಇದೆ.

ನೀರಿನಲ್ಲೇ ಇಟ್ಟವರ ಕಷ್ಟ ನೋಡಿ. ‘ಕ್ವೀನ್ ಮೇರಿ’ ಅನ್ನೋ ಪ್ರಸಿದ್ಧ ಹಡಗು 1967ರಿಂದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹೋಟೆಲ್, ಮ್ಯೂಸಿಯಂ ಆಗಿ ನಿಂತಿದೆ. 2020ರಲ್ಲಿ ಮುಚ್ಚಿ, ತುರ್ತು ರಿಪೇರಿಗೆ ನಗರಾಡಳಿತ ಕೋಟ್ಯಂತರ ಡಾಲರ್ ಸುರಿದು, 2023ರಲ್ಲಿ ಮತ್ತೆ ತೆರೆಯಿತು. ಹಡಗು ದೊಡ್ಡದಾದಷ್ಟೂ ತುಕ್ಕಿಗೆ ಜಾಗ ಜಾಸ್ತಿ. ಗ್ರೇಟ್ ಬ್ರಿಟನ್ 322 ಅಡಿ, ಅದು ಹಿಡಿಸುವ ಡಾಕ್ ಸಿಕ್ಕಿತು. 990 ಅಡಿಯ ಹಡಗನ್ನು ಗಾಜಿನ ಕೆಳಗೆ ಇಡೋದು ಎಲ್ಲಿ?

ನಮ್ಮಲ್ಲಿ? ಐಎನ್‌ಎಸ್ ವಿಕ್ರಾಂತ್ ನೆನಪಿರಬೇಕು. ಪ್ರಯಾಣಿಕರ ಹಡಗಲ್ಲ, ಯುದ್ಧನೌಕೆ. ಆದರೆ ಪಾಠ ಒಂದೇ. ನಿವೃತ್ತಿಯ ನಂತರ ಮುಂಬೈನಲ್ಲಿ ಮ್ಯೂಸಿಯಂ ಆಯಿತು. ನೀರಿನಲ್ಲಿ ನಿಂತ ಒಡಲು ಶಿಥಿಲವಾಯಿತು, ಸುರಕ್ಷಿತವಲ್ಲ ಅಂತ 2012ರಲ್ಲಿ ಮುಚ್ಚಿದರು. 2014ರಲ್ಲಿ ಗುಜರಿಗೆ ಹೋಯಿತು. ಆ ಲೋಹದ ಒಂದಿಷ್ಟು ಭಾಗ ಬಜಾಜ್ ಕಂಪನಿಯ ‘ವಿ’ ಬೈಕಿನಲ್ಲಿ ಸೇರಿಕೊಂಡಿತು. ಬೈಕಿನ ಪೆಟ್ರೋಲ್ ಟ್ಯಾಂಕ್ ಮುಟ್ಟಿ ವಿಕ್ರಾಂತ್ ನೆನಪು ಮಾಡಿಕೊಳ್ಳಬೇಕು. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಐಎನ್‌ಎಸ್ ಚಾಪಲ್ ಅನ್ನು ನೆಲದ ಮೇಲೆ ನಿಲ್ಲಿಸಿದ್ದಾರೆ. ಅದು ಒಳ್ಳೆಯ ನಿರ್ಧಾರ. ಆದರೆ ಎದುರಿಗೇ ಅರಬ್ಬಿ ಸಮುದ್ರ, ವರ್ಷಕ್ಕೆ ನಾಲ್ಕು ತಿಂಗಳು ಮಳೆ, ವರ್ಷವಿಡೀ ಉಪ್ಪುಗಾಳಿ. ನೆಲದ ಮೇಲಿದ್ದರೂ ಆರೈಕೆ ತಪ್ಪಿಸೋ ಹಾಗಿಲ್ಲ.

ಇನ್ನು ಮುಂಬೈಯಿಂದ ಕೊಂಕಣ ತೀರದುದ್ದಕ್ಕೂ ನಮ್ಮ ಜನರನ್ನು ಕರೆದೊಯ್ದ ಆಗಬೋಟುಗಳು? ಹೋಟೆಲ್ ಕೆಲಸಕ್ಕೆ, ಗಿರಣಿ ಕೆಲಸಕ್ಕೆ ಅಂತ ಟ್ರಂಕು, ಚಾಪೆ ಹಿಡಿದು ಹೊರಟ ಹುಡುಗರು ಮಲಗಿದ್ದ ಆ ಡೆಕ್ಕಿನ ಮೇಲೆ ನಿಲ್ಲೋಣ ಅಂದ್ರೆ ಇವತ್ತು ನಮ್ಮ ಕರಾವಳಿಯಲ್ಲಿ ಅಂಥ ಒಂದು ಹಡಗಿಲ್ಲ. ಆಸ್ಟ್ರೇಲಿಯಾದವರಿಗೆ ಮುತ್ತಜ್ಜ ಹತ್ತಿದ ಹಡಗು ಸಿಗುತ್ತೆ, ನಮಗೆ ಮನೆಯ ಹಿರಿಯರ ಮಾತೇ ಮ್ಯೂಸಿಯಂ. ಆ ಹಿರಿಯರೂ ಈಗ ಬೆರಳೆಣಿಕೆ. ನಿಮ್ಮ ಮನೆಯಲ್ಲಿ ಹಡಗಿನಲ್ಲಿ ಮುಂಬೈಗೆ ಹೋದವರು ಯಾರಾದರೂ ಇದ್ದರೆ, ಟಿಕೆಟ್ ಎಷ್ಟಿತ್ತು, ಏನು ತಿಂದರು, ಎಲ್ಲಿ ಮಲಗಿದರು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಅದಕ್ಕೆ ಡ್ರೈ ಡಾಕ್ ಬೇಕಾಗಿಲ್ಲ.

ಇನ್ನು ಉಳಿಸಬೇಕು ಅಂತ ಹೊರಟವರಿಗೆ, ಅದು ಹಡಗೇ ಇರಲಿ, ಹಳೇ ರೈಲು ಎಂಜಿನ್ ಇರಲಿ, ಊರಿನ ಛತ್ರವೇ ಇರಲಿ, ಬ್ರಿಸ್ಟಲ್‌ನಿಂದ ತಗೊಳ್ಳಬೇಕಾದ ಪ್ರಶ್ನೆಗಳು ಮೂರು. ಇದನ್ನು ತಿನ್ನುತ್ತಿರೋದು ಏನು? ಅದನ್ನು ನಿಲ್ಲಿಸೋದು ಹೇಗೆ? ಮುಂದಿನ ವರ್ಷದ ಕರೆಂಟ್ ಬಿಲ್ ಕಟ್ಟೋರು ಯಾರು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಉದ್ಘಾಟನೆಗೆ ಮಂತ್ರಿಗಳನ್ನು ಕರೆದರಾಯಿತು.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಆಗಬೋಟಿನ ನೆನಪುಗಳಿದ್ದರೆ ನಮಗೂ ಬರೆದು ಕಳಿಸಿ, ಮುಂದೊಂದು ಸಂಚಿಕೆಯಲ್ಲಿ ಹಂಚಿಕೊಳ್ಳೋಣ.